ರಬ್ಬರ್ ಕೋಳಿ ಮತ್ತು ರಾಣಿ ಪಿಂಕ್ ಗರಿ

ಐರ್ಲೆಂಡಿಗೆ ಹೋಗಿಬಂದೆ ಎಂದು ಗೊತ್ತಾದ ಮೇಲೆ ನಮ್ಮ ಬೀದಿಯವರೆಲ್ಲ ಹಸಿರು ಗುಡ್ಡ ನೋಡಿದಿರಾ, ಸಮುದ್ರದ ಅಂಚಿನ ಬಂಡೆ ನೋಡಿದಿರಾ, ಹಳೇ ಕೋಟೆ ನೋಡಿದಿರಾ ಎಂದು ಸಾಲಾಗಿ ಕೇಳಿದರು. ನೋಡಿದೆ. ಕಾರಿನ ಗಾಜಿನಾಚೆ, ಮಳೆಯಾಚೆ, ಏನೋ ಹಸಿರಾಗಿ ಓಡುತ್ತಿತ್ತು. ಆದರೆ ಆ ದೇಶದಲ್ಲಿ ನಾನು ಕನ್ನಡಕ ಏರಿಸಿಕೊಂಡು, ಬೆಳಕಿಗೆ ಹಿಡಿದು, ಸವರಿ, ತಿರುಗಿಸಿ ನೋಡಿದ್ದು ಟರ್ಕಿ ಕೋಳಿಯ ಪುಕ್ಕವನ್ನು. ಹೀಗೆಂದರೆ ಕೇಳಿದವರ ಮುಖ ಹುಳ್ಳಗಾಗುತ್ತದೆ. ಆಗಲಿ, ನಾನೇನು ಮಾಡಲಿ.

ತುಮಕೂರಿನಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ತಂದು ಕೌಂಟರ್ ಮೇಲೆ ಇಟ್ಟರೆ ಸಾಕು, ರವಿಕೆ ಬಟ್ಟೆ, ಲೈನಿಂಗು, ಫಾಲ್ಸು, ದಾರ, ಎಲ್ಲವನ್ನೂ ಕಣ್ಣಳತೆಯಲ್ಲೇ ತೆಗೆದುಕೊಡುತ್ತೇನೆ. ಗಿಳಿಹಸಿರಿನಲ್ಲಿ ಎಷ್ಟು ಬಗೆಯಿದೆ ಎಂದು ಗಿಳಿಗೂ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇದೆ. ಮುಂದೆ ನಡೆದ ಅನಾಹುತಕ್ಕೆಲ್ಲ ಈ ಕಣ್ಣೇ ಕಾರಣ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ನನ್ನ ತಂಗಿ ಸುಮಿತ್ರಾ ಕಾರ್ಕ್ ಎಂಬ ಊರಿನಲ್ಲಿದ್ದಾಳೆ. ಅವಳ ಗಂಡ ಪ್ರಕಾಶ್ ಅಲ್ಲಿ ಮಾತ್ರೆ ತಯಾರಿಸುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸದಲ್ಲಿದ್ದಾರೆ. ಒಂದು ದಿನ ಸುಮಿ ಫೋನ್ ಮಾಡಿ, ಇವರು ಬಿಲ್ಲು ಬಾಣ ಹಿಡಿದುಕೊಂಡು ಕಾಡಿಗೆ ಹೋಗುವ ಚಟ ಹತ್ತಿಸಿಕೊಂಡಿದ್ದಾರೆ, ನೀನೇ ಬಂದು ಬುದ್ಧಿ ಹೇಳಬೇಕು, ನಿನ್ನ ಬಾಯಿಗೆ ಮಾತ್ರ ಹೆದರುತ್ತಾರೆ ಎಂದಳು. ಬುದ್ಧಿ ಹೇಳುವುದೆಂದರೆ ನನಗೆ ಊಟದಷ್ಟೇ ಇಷ್ಟ. ಅಂಗಡಿಯನ್ನು ಸೊಸೆಗೆ ಒಪ್ಪಿಸಿ ಹೊರಟೆ.

ಡಬ್ಲಿನ್‌ನಲ್ಲಿ ಇಳಿದು

ವಿಮಾನ ನಿಲ್ದಾಣದ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದ. ತಂಗಿಯ ಗಂಡ ಆಯುಧ ಹಿಡಿದಿದ್ದಾರೆ, ಬಿಡಿಸಲು ಬಂದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ದೇವರು ದೊಡ್ಡವನು, ತಂಗಿಯನ್ನು ನೋಡಲು ಎಂದುಬಿಟ್ಟೆ. ಅವನು ಗ್ರ್ಯಾಂಡ್ ಎಂದು ಮುದ್ರೆ ಒತ್ತಿದ. ನಮ್ಮ ಅಂಗಡಿಯಲ್ಲಿ ಗ್ರ್ಯಾಂಡ್ ಎಂದರೆ ಮೈತುಂಬ ಜರಿ ಇರುವ ಸೀರೆ. ಅಲ್ಲಿ ಹಾಗಲ್ಲ. ಚಹಾ ಸಾಕಾದರೂ ಗ್ರ್ಯಾಂಡ್, ಕಾಲು ತುಳಿದರೂ ಗ್ರ್ಯಾಂಡ್, ಮೂರು ದಿನದಿಂದ ಬಿಡದ ಮಳೆ ತುಸು ಹನಿಯಾದರೆ ಅದೂ ಗ್ರ್ಯಾಂಡ್. ಎರಡನೇ ದಿನಕ್ಕೆ ನಾನೂ ಶುರುಮಾಡಿದೆ.

ಕಾರ್ಕ್‌ಗೆ ಬಸ್ಸಿನಲ್ಲಿ ಹೋದೆ. ಇಳಿಯುವ ಪ್ರತಿಯೊಬ್ಬರೂ ಚಾಲಕನಿಗೆ ಥ್ಯಾಂಕ್ಯೂ ಹೇಳಿಯೇ ಇಳಿಯುತ್ತಾರೆ. ಅವನು ಸಂಬಳ ತೆಗೆದುಕೊಂಡು ಬಸ್ ಓಡಿಸಿದ್ದಕ್ಕೆ ಇವರೇಕೆ ಉಪಕಾರ ಸ್ಮರಣೆ ಮಾಡುತ್ತಾರೋ ತಿಳಿಯಲಿಲ್ಲ. ನಮ್ಮ ಕಡೆ ಪೂರ್ತಿ ಇಳಿಯುವ ಮೊದಲೇ ಬಸ್ ಹೊರಟುಬಿಟ್ಟರೆ ಚಾಲಕನ ವಂಶವನ್ನೆಲ್ಲ ಸ್ಮರಿಸುವುದುಂಟು, ಅದು ಬೇರೆ. ನನ್ನ ಸರದಿ ಬಂದಾಗ ಎರಡು ಕೈ ಜೋಡಿಸಿ ನಮಸ್ಕಾರ ಹಾಕಿದೆ. ಅವನು ಗಾಬರಿಯಾಗಿ ಸ್ಟೀರಿಂಗ್ ಬಿಟ್ಟು ತಾನೂ ಕೈ ಮುಗಿದ.

ಕಾರ್ಕ್, ಕೋಳಿ ಇದ್ದ ಮನೆ

ಸುಮಿಯ ಮನೆಯ ಹಾಲಿನಲ್ಲಿ ಒಂದು ಶೋಕೇಸ್. ಅದರ ಮೇಲೆ ಗಣಪತಿ, ಪಕ್ಕದಲ್ಲಿ ಮದುವೆಯ ಫೋಟೋ, ಅದರ ಪಕ್ಕದಲ್ಲಿ ಪುಕ್ಕ ಕಿತ್ತ, ಬಾಯಿ ತೆರೆದ, ಹಳದಿ ಬಣ್ಣದ ಒಂದು ರಬ್ಬರ್ ಕೋಳಿ. ಅಮುಕಿದರೆ ಕೀರಲು ದನಿಯಲ್ಲಿ ಅರಚುತ್ತದೆ. ಮೊಟ್ಟೆಯನ್ನೂ ಮುಟ್ಟದ ಮನೆ ನಮ್ಮದು. ಇದೇನೇ ಇದು ಎಂದು ಕೇಳುವಷ್ಟರಲ್ಲಿ ಸುಮಿ ಸೆರಗು ಮೂಗಿಗೆ ಒತ್ತಿಕೊಂಡಳು.

ವಿಷಯ ಇಷ್ಟು. ಪ್ರಕಾಶ್ ಸೇರಿದ್ದು ಊರಾಚೆಯ ಕಾಡಿನಲ್ಲಿ ಸೇರುವ ಒಂದು ಬಿಲ್ಲುಗಾರರ ಕ್ಲಬ್ಬು. ಹಳೇ ಕಾಲದ ಮರದ ಬಿಲ್ಲು, ಬೇಟೆಯ ಬಾಣ, ಆದರೆ ಪ್ರಾಣಿಗಳು ಮಾತ್ರ ರಬ್ಬರಿನವು, ಮರದ ಸಂದಿಯಲ್ಲಿ ನಿಲ್ಲಿಸಿರುತ್ತಾರೆ. ಪ್ರತಿ ವರ್ಷ ಎಲೆ ಉದುರುವ ಕಾಲಕ್ಕೆ ಒಂದು ದೊಡ್ಡ ಸ್ಪರ್ಧೆ. ಗೆದ್ದವರಿಗೆ ಚಪ್ಪಾಳೆ. ಕೊನೆಯ ಸ್ಥಾನ ಬಂದವರಿಗೆ ಈ ಕೋಳಿ. ವರ್ಷಪೂರ್ತಿ ಅದನ್ನು ಮನೆಯ ಹಾಲಿನಲ್ಲಿ, ಬಂದವರಿಗೆಲ್ಲ ಕಾಣುವಂತೆ ಇಟ್ಟುಕೊಳ್ಳಬೇಕು. ಇಟ್ಟಿದ್ದಾರೋ ಇಲ್ಲವೋ ಎಂದು ಯಾರಾದರೊಬ್ಬರು ಚಹಾದ ನೆಪದಲ್ಲಿ ಬಂದು ನೋಡಿಕೊಂಡೂ ಹೋಗುತ್ತಾರೆ. ಪ್ರಕಾಶ್ ಸೇರಿದ ವರ್ಷ ಬಂದ ಕೋಳಿ ಆಮೇಲೆ ಬೇರೆ ಮನೆಯನ್ನೇ ಕಂಡಿರಲಿಲ್ಲ.

ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರು ಕಥೆ ಓದುತ್ತಾ ಓದುತ್ತಾ ಅದನ್ನೇ ನೋಡುತ್ತಿದ್ದರಂತೆ. ಸಾಧು ವೈಶ್ಯನ ಹಡಗು ಮುಳುಗುವ ಜಾಗದಲ್ಲಿ ಯಾವುದೋ ಮಗು ಹೋಗಿ ಕೋಳಿಯನ್ನು ಅಮುಕಿತಂತೆ. ಸುಮಿ ಇದನ್ನು ಅಳುತ್ತಾ ಹೇಳಿದಳು. ನಾನು ನಗು ತಡೆಯಲಾರದೆ ಬಚ್ಚಲಿಗೆ ಹೋಗಿಬಂದೆ.

ಸಂಜೆ ಪ್ರಕಾಶ್ ಕೆಲಸದಿಂದ ಬಂದರು. ಸುಮಿ ನನ್ನನ್ನು ಸೋಫಾದ ಮೇಲೆ ನ್ಯಾಯಾಧೀಶೆಯ ಹಾಗೆ ಕೂರಿಸಿ, ಅವರನ್ನು ಎದುರಿಗೆ ನಿಲ್ಲಿಸಿದಳು.

"ರೀ, ಅಕ್ಕನ ಮುಂದೆ ಮಾತು ಕೊಡಿ. ಈ ಸಲಾನೂ ಆ ಕೋಳಿ ವಾಪಸ್ ಬಂದ್ರೆ ಬಿಲ್ಲು ಮನೆಯಿಂದ ಆಚೆ ಹೋಗ್ಬೇಕು."

ಪ್ರಕಾಶ್ ಕೋಳಿಯ ಕಡೆ ನೋಡಿದರು. ಆಮೇಲೆ ಆಯ್ತು ಎಂದರು. ನನಗೆ ಕೆಲಸ ಸುಲಭವಾಯಿತಲ್ಲ ಎಂದು ಖುಷಿಯಾಯಿತು. ಆದರೆ ಸುಮಿ ಒಳಗೆ ಹೋದ ಮೇಲೆ ಅವರು ನನ್ನ ಪಕ್ಕ ಬಂದು ಕುಳಿತು ಮೆಲ್ಲಗೆ ಹೇಳಿದರು.

"ಅಕ್ಕ, ವಾರವೆಲ್ಲ ಮೂಗು ಬಾಯಿ ಮುಚ್ಕೊಂಡು ಬಿಳೀ ಬಟ್ಟೇಲಿ ನಿಂತಿರ್ತೀನಿ. ಭಾನುವಾರ ಆ ಕಾಡಲ್ಲಿ ನನ್ನನ್ನ ಹೆಸರು ಹಿಡಿದು ಕೂಗೋರಿದಾರೆ. ಅದೂ ಇಲ್ಲ ಅಂದ್ರೆ ನಾನು ಈ ದೇಶಕ್ಕೆ ಬರೀ ಕೆಲಸಕ್ಕೆ ಬಂದೋನು, ಅಷ್ಟೇ."

ಬುದ್ಧಿ ಹೇಳಲು ಬಂದವಳು ನಾನು. ಈ ಮನುಷ್ಯ ಬಿಲ್ಲು ಬಿಡಬಾರದು ಎಂದು ಆ ಕ್ಷಣಕ್ಕೆ ನನಗೆ ಅನಿಸಿಬಿಟ್ಟಿತು. ತಂಗಿಗೆ ಹೇಳಲಿಲ್ಲ, ಅಷ್ಟೇ.

ಊರಾಚೆಯ ಗರಿ ಅಂಗಡಿ

ಸೋಲಿಗೆ ಕಾರಣ ಬಾಣದ ಬಾಲಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ರೆಕ್ಕೆ ಎಂದು ಗರಿ ಕೊಳ್ಳಲು ಹೋಗುವಾಗ ಕಾರಿನಲ್ಲಿ ಪ್ರಕಾಶ್ ವಾದಿಸಿದರು. ಮರದ ಬಿಲ್ಲಿನಲ್ಲಿ ಬಾಣ ಹಿಡಿಯನ್ನು ಸವರಿಕೊಂಡೇ ಹೊರಡುತ್ತದಂತೆ. ಪ್ಲಾಸ್ಟಿಕ್ ಆದರೆ ಬಿಲ್ಲಿಗೆ ತಾಗಿ ಬಾಣವನ್ನು ಪಕ್ಕಕ್ಕೆ ಒದೆಯುತ್ತದೆ. ನಿಜವಾದ ಹಕ್ಕಿಯ ಗರಿಯಾದರೆ ಬಗ್ಗಿ, ದಾರಿ ಬಿಟ್ಟು, ಮತ್ತೆ ಎದ್ದು ನಿಲ್ಲುತ್ತದೆ. ಕೂಡು ಕುಟುಂಬದ ಸೊಸೆಯ ಹಾಗೆ ಎಂದೆ. ಅವರು ನಕ್ಕರು, ಹಿಂದಿನ ಸೀಟಿನಲ್ಲಿದ್ದ ಸುಮಿ ನಗಲಿಲ್ಲ.

ಬೇಟೆಯ ಗರಿ ಆರಿಸುವಾಗ ಎರಡು ವಿಷಯ ನೋಡಬೇಕಂತೆ. ಹಾರುವಾಗ ಹೆಚ್ಚು ಸದ್ದು ಮಾಡಬಾರದು, ಬಣ್ಣ ಕಣ್ಣಿಗೆ ಹೊಡೆಯಬಾರದು. ಇಲ್ಲದಿದ್ದರೆ ಪ್ರಾಣಿ ಬೆದರಿ ಓಡುತ್ತದೆ. ರಬ್ಬರ್ ಜಿಂಕೆ ಎಲ್ಲಿಗೆ ಓಡುತ್ತದೆ ಎಂದು ಕೇಳಿದೆ. ಆ ದೇಶದಲ್ಲಿ ಬಿಲ್ಲಿನಿಂದ ನಿಜವಾದ ಬೇಟೆಯಾಡುವಂತಿಲ್ಲ, ಕಾನೂನು ಬಿಡುವುದಿಲ್ಲ, ಆದರೂ ಸಂಪ್ರದಾಯ ಎಂದು ಒಂದಿದೆಯಲ್ಲ ಅಕ್ಕ ಎಂದರು. ಆಗ ನನಗೆ ತಟ್ಟನೆ ಅರ್ಥವಾಯಿತು. ನಮ್ಮಲ್ಲೂ ಮದುವೆಯ ದಿನ ಗಂಡು ಕೊಡೆ, ಕೋಲು ಹಿಡಿದು ಕಾಶಿಗೆ ಹೊರಡುತ್ತಾನೆ. ಬೀದಿಯ ತುದಿಯನ್ನೂ ದಾಟುವುದಿಲ್ಲ, ಆದರೆ ಪಂಚೆ ಅಂಚಿನದೇ ಆಗಬೇಕು.

ಅಂಗಡಿ ಎಂದರೆ ಹೊಲದ ಬದಿಯ ಒಂದು ಶೆಡ್ಡು. ಗಡ್ಡ ಬಿಟ್ಟ ಅಂಗಡಿಯವನೊಬ್ಬನೇ ಇದ್ದ. ನಾವು ಒಳಗೆ ಹೋಗುವುದಕ್ಕೂ ಪ್ರಕಾಶ್ ಅವರಿಗೆ ಕಾರ್ಖಾನೆಯಿಂದ ಫೋನ್ ಬರುವುದಕ್ಕೂ ಸರಿಹೋಯಿತು. ಅವರು ಮಳೆಯಲ್ಲಿ ನಿಂತು ಮಾತಾಡಲು ಹೋದರು. ಸುಮಿ ಕಾರಿನಿಂದ ಇಳಿಯಲೇ ಇಲ್ಲ. ಉಳಿದವಳು ನಾನು, ಎದುರಿಗೆ ಡಬ್ಬ ಡಬ್ಬ ಟರ್ಕಿ ಕೋಳಿಯ ಗರಿ.

ಏನು ಬಣ್ಣ, ಏನು ಬಣ್ಣ. ಕಪ್ಪು ಪಟ್ಟೆಯ ಕಂದು, ಬೂದಿ, ಜೇನು, ಗೋರಂಟಿ ಕೆಂಪು, ನವಿಲು ನೀಲಿ. ಕೆಲವಕ್ಕೆ ಬಾಳೆಲೆಯ ತುದಿಯ ಹಾಗೆ ದುಂಡು ಬೆನ್ನು, ಕೆಲವಕ್ಕೆ ಹಿಂದುಗಡೆ ಚೂಪಾದ ಕೊಕ್ಕೆ. ಕೊಕ್ಕೆಯದು ನೋಡಲು ಚೆಂದ ಆದರೆ ಹಾರುವಾಗ ಬುಸುಗುಡುತ್ತದೆ ಎಂದು ಅವನು ಹೇಳಿದ. ದುಂಡು ಬೆನ್ನಿನದನ್ನೇ ತೆಗೆಸಿದೆ. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು, ಇದರಲ್ಲೇ ಒಂದು ಛಾಯೆ ಗಾಢ ತೋರಿಸಿ, ಇಷ್ಟು ಗಾಢ ಬೇಡ, ಆ ಮೇಲಿನ ಡಬ್ಬ ಇಳಿಸಿ, ಬಾಗಿಲ ಬೆಳಕಿಗೆ ಬನ್ನಿ ಎಂದು ಶುರುಮಾಡಿದೆ. ಇಷ್ಟು ವರ್ಷ ಗಿರಾಕಿಗಳು ನನಗೆ ಕೊಟ್ಟ ಕಾಟವನ್ನೆಲ್ಲ ಅಂದು ಅವನಿಗೆ ದಾಟಿಸಿದೆ. ಪಾಪ, ಅವನ ಗಿರಾಕಿಗಳು ಒಂದು ಪೊಟ್ಟಣ ಎತ್ತಿಕೊಂಡು ಹೋಗುವ ಗಂಡಸರು. ಅರ್ಧ ಗಂಟೆಯಲ್ಲಿ ಅವನ ತಲೆ ಚಿಟ್ಟುಹಿಡಿಯಿತು.

ನಡುವೆ ಅವನೊಂದು ಪ್ರಶ್ನೆ ಕೇಳಿದ. ಎಡ ರೆಕ್ಕೆಯದು ಬೇಕೋ, ಬಲ ರೆಕ್ಕೆಯದು ಬೇಕೋ?

ಇದೆಂಥ ಪ್ರಶ್ನೆ. ಬಳೆ ಅಂಗಡಿಯಲ್ಲಿ ಎಡಗೈಗೆ ಕೊಡಲೋ ಬಲಗೈಗೆ ಕೊಡಲೋ ಎಂದು ಯಾರಾದರೂ ಕೇಳುತ್ತಾರೆಯೇ. ಕೊಡುವುದಾದರೆ ಎರಡೂ ಕೈಗೆ. ಹಕ್ಕಿಗೂ ಎರಡು ರೆಕ್ಕೆ ಇದ್ದರೇ ಹಾರುವುದು. ಎರಡೂ ಕೊಡಪ್ಪ, ಸಮಸಮ ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ, ನಾನು ಮತ್ತೊಂದು ಡಬ್ಬದ ಕಡೆ ಬೆರಳು ಮಾಡಿದೆ, ಅವನು ಸೋತು ಗ್ರ್ಯಾಂಡ್ ಎಂದ.

ಒಂದು ಬಾಣಕ್ಕೆ ಮೂರು ಗರಿ. ಎರಡು ಒಂದೇ ಬಣ್ಣ, ಮೂರನೆಯದು ಬೇರೆ ಬಣ್ಣ. ಬಾಣವನ್ನು ದಾರಕ್ಕೆ ಹೂಡುವಾಗ ಆ ಬೇರೆ ಬಣ್ಣದ್ದು ಬಿಲ್ಲಿಗೆ ತಾಗದಂತೆ ಹೊರಗೆ ಬರಬೇಕು, ಅದು ಗುರುತು. ಅಂದರೆ ನಮ್ಮ ಕಾಂಟ್ರಾಸ್ಟ್ ರವಿಕೆ. ಪಟ್ಟೆಯ ಕಂದಿಗೆ ನಾನು ರಾಣಿ ಪಿಂಕ್ ಇಟ್ಟೆ. ಅಷ್ಟರಲ್ಲಿ ಒದ್ದೆಯಾಗಿ ಒಳಬಂದ ಪ್ರಕಾಶ್, ಬೇಟೆಗೆ ಪಿಂಕಾ ಅಕ್ಕ ಎಂದು ಕೇಳಿದರು. ಪೊದೆಯಲ್ಲಿ ಬಿದ್ದರೆ ಹುಡುಕುವವರು ಯಾರು ಎಂದೆ. ಅವರಿಗೆ ಅನುಭವವಿತ್ತು, ತಲೆಯಾಡಿಸಿದರು.

ಅಡುಗೆಮನೆಯ ಮೇಜು

ಮರುದಿನ ಅವರು ಕೆಲಸಕ್ಕೆ ಹೋದಾಗ ನಾನು ಪೊಟ್ಟಣಗಳನ್ನೆಲ್ಲ ಒಡೆದು ಮೇಜಿನ ಮೇಲೆ ಸುರಿದುಕೊಂಡೆ. ಒಂದೇ ಕಂದು ಎಂದು ಬರೆದಿದ್ದರೂ ಒಂದೊಂದು ಪೊಟ್ಟಣದ ಛಾಯೆ ಒಂದೊಂದು. ಇದನ್ನು ಸಹಿಸುವವಳು ನಾನಲ್ಲ. ಈ ಪೊಟ್ಟಣದ್ದನ್ನು ಆ ಪೊಟ್ಟಣದ್ದರ ಜೊತೆ ಇಟ್ಟು, ಪಟ್ಟೆಗೆ ಪಟ್ಟೆ ಕೂಡಿಸಿ, ಜೋಡಿ ಜೋಡಿ ಮಾಡಿ ಸಾಲಾಗಿಟ್ಟೆ. ಸಂಜೆ ಬಂದ ಪ್ರಕಾಶ್ ಅದನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಇಡೀ ದಿನ ಮಾತ್ರೆಯ ಮೇಲಿನ ಕೂದಲೆಳೆಯಷ್ಟು ಗೆರೆಯನ್ನೂ ಹಿಡಿಯುವ ಮನುಷ್ಯ, ಒಂದು ಗರಿಯನ್ನೂ ತಿರುಗಿಸಿ ನೋಡದೆ ಅಂಟು ಹಚ್ಚಲು ಕುಳಿತರು.

ಅಂಟಿನ ವಾಸನೆಗೆ ಸುಮಿ ಕಿಟಕಿ ತೆಗೆದಳು. ಕಿಟಕಿ ತೆಗೆದಿದ್ದಕ್ಕೆ ಗಾಳಿ ಬಂತು. ಗಾಳಿಗೆ ಒಂದು ರಾಣಿ ಪಿಂಕ್ ಗರಿ ಎದ್ದು ಹೋಗಿ ಒಗ್ಗರಣೆ ಹಾಕಿದ ಸಾರಿನೊಳಗೆ ಇಳಿಯಿತು. ಆ ಸಾರನ್ನು ಚೆಲ್ಲಿ, ಉಪ್ಪಿನಕಾಯಿ ಅನ್ನ ಉಂಡೆವು. ಸ್ಪರ್ಧೆ ಮುಗಿಯಲಿ ಎಂದಷ್ಟೇ ಸುಮಿ ಹೇಳಿದಳು. ಅವಳು ಹಾಗೆ ಕಡಿಮೆ ಮಾತಾಡಿದಾಗಲೇ ನನಗೆ ಹೆದರಿಕೆ.

ಬಾಣಗಳು ಮಾತ್ರ, ನಾನೇ ಹೇಳಬಾರದು, ಮದುಮಗಳ ಹಾಗೆ ಕಂಡವು.

ಡೊನಾಲ್ ಮೇಷ್ಟ್ರ ಹಿತ್ತಲು

ಗರಿ ಒದ್ದೆಯಾದರೆ ಮುದುಡುತ್ತದೆ, ಅದಕ್ಕೊಂದು ಪುಡಿ ಹಚ್ಚಬೇಕಂತೆ. ಆ ಪುಡಿ ತರಲು ಪ್ರಕಾಶ್ ನನ್ನನ್ನು ಡೊನಾಲ್ ಎಂಬವರ ಮನೆಗೆ ಕರೆದುಕೊಂಡು ಹೋದರು. ಡೊನಾಲ್ ನಿವೃತ್ತ ಗಣಿತದ ಮೇಷ್ಟ್ರು. ಉದ್ದ ದೇಹ, ಕೆಂಪು ಮೂಗು, ಹಿತ್ತಲಿನಲ್ಲಿ ಒಂದು ಹಿಂಡು ಹೆಬ್ಬಾತು. ಕ್ಲಬ್ಬಿನಲ್ಲಿ ಪ್ರಕಾಶ್ ಕೊನೆಯವರಾದರೆ ಇವರು ಕೊನೆಯಿಂದ ಎರಡನೆಯವರು. ಪ್ರಕಾಶ್ ಬರುವ ಮೊದಲು ಆ ರಬ್ಬರ್ ಕೋಳಿ ಬಹಳ ವರ್ಷ ಇವರ ಮನೆಯಲ್ಲೇ ಇತ್ತಂತೆ. ಅದಿದ್ದ ಜಾಗದಲ್ಲಿ ಈಗ ಹೂಜಿ ಇದೆ, ಅದನ್ನೂ ತೋರಿಸಿದರು. ಇವರು ಉದುರಿದ ಹೆಬ್ಬಾತಿನ ಗರಿಯನ್ನೇ ಬಾಣಕ್ಕೆ ಕಟ್ಟುತ್ತಾರೆ. ನೀರಿನ ಹಕ್ಕಿಯಾದ್ದರಿಂದ ಮಳೆಗೆ ಜಗ್ಗುವುದಿಲ್ಲ ಎಂದು ಭಾಷಣ ಮಾಡಿದರು. ಹಾಗಾದರೆ ಗುರಿಗೆ ಯಾಕೆ ತಾಗುವುದಿಲ್ಲ ಎಂದು ಕೇಳಿದೆ. ಅದು ಹೆಬ್ಬಾತಿನ ತಪ್ಪಲ್ಲ ಎಂದರು.

ಚಹಾ ಕುಡಿಯುತ್ತೀರಾ ಎಂದರು. ನಮ್ಮ ಪದ್ಧತಿಯಂತೆ ಬೇಡ ಎಂದೆ. ಒಂಚೂರು ಎಂದರು, ಬೇಡ ಬೇಡ ಎಂದೆ. ಅವರು ಅಷ್ಟರಲ್ಲಾಗಲೇ ಲೋಟಕ್ಕೆ ಬಗ್ಗಿಸುತ್ತಿದ್ದರು. ಒಂದೇ ಸಲ ಕೇಳಿ ಸುಮ್ಮನಾಗುವ ದೇಶವಲ್ಲ ಅದು, ನನಗೆ ಬಹಳ ಹಿಡಿಸಿತು. ತುಮಕೂರಿನವರನ್ನು ಅಲ್ಲಿಗೆ ಬಿಟ್ಟರೂ ಯಾರೂ ಹಸಿದು ಸಾಯುವುದಿಲ್ಲ.

ಪ್ರಕಾಶ್ ಪುಡಿ ಹುಡುಕಲು ಕೊಟ್ಟಿಗೆಗೆ ಹೋದಾಗ ನಾನು ಮೇಷ್ಟ್ರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಕೋಳಿ ಮತ್ತೆ ಬಂದರೆ ಬಿಲ್ಲು ಹೋಗುತ್ತದೆ ಎಂಬುದನ್ನು, ಪ್ರಕಾಶ್ ಮಾತು ಕೊಟ್ಟಿದ್ದನ್ನು, ಕೊಟ್ಟ ಮಾತಿಗೆ ತಪ್ಪದ ಮನುಷ್ಯ ಅವರೆಂಬುದನ್ನು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಇಂಗ್ಲಿಷಿನಲ್ಲೂ ನಿಲ್ಲಲಿಲ್ಲ. ಮೇಷ್ಟ್ರು ಲೋಟ ಕೆಳಗಿಟ್ಟರು. ಅವನು ಇನ್ನು ಬರುವುದೇ ಇಲ್ಲವೇ ಎಂದು ಕೇಳಿದರು. ಬರುವುದಿಲ್ಲ ಎಂದೆ. ಅವರು ಹೆಬ್ಬಾತುಗಳ ಕಡೆ ನೋಡುತ್ತಾ ಕುಳಿತುಬಿಟ್ಟರು.

ಕಾಡು

ಸ್ಪರ್ಧೆಯ ದಿನ ಬೆಳಗ್ಗೆಯಿಂದಲೇ ಜಿನುಗು ಮಳೆ. ಸೀರೆಯನ್ನು ಮೊಣಕಾಲುದ್ದದ ರಬ್ಬರ್ ಬೂಟಿನೊಳಗೆ ತುರುಕಿ, ಮೇಲೆ ಪ್ರಕಾಶ್ ಅವರ ರೇನ್‌ಕೋಟು ಹಾಕಿಕೊಂಡು ಹೊರಟೆ. ಸುಮಿಯೂ ಬಂದಳು. ಯಾವತ್ತೂ ಬರದವಳು ಅಂದು ಕೊಡುಬಳೆಯ ಡಬ್ಬ ಹಿಡಿದುಕೊಂಡು ಬಂದಿದ್ದು ಗಂಡ ಸೋಲುವುದನ್ನು ಕಣ್ಣಾರೆ ನೋಡಲು. ಅದನ್ನವಳು ಮುಚ್ಚಿಡಲೂ ಇಲ್ಲ.

ಗುಂಪು ಗುಂಪಾಗಿ ಕಾಡಿನೊಳಗೆ ನಡೆಯಬೇಕು. ನಮ್ಮ ಗುಂಪಿನಲ್ಲಿ ಬಿಲ್ಲು ಹಿಡಿದವರು ಪ್ರಕಾಶ್ ಮತ್ತು ಡೊನಾಲ್ ಮೇಷ್ಟ್ರು. ಮೊದಲು ಒಂದು ಜಿಂಕೆ, ಆಮೇಲೆ ಕರಡಿ, ಆಮೇಲೆ ಒಂದು ಮೊಸಳೆ. ಐರ್ಲೆಂಡಿನಲ್ಲಿ ಹಾವು ಕೂಡ ಇಲ್ಲವೆಂದು ಅಲ್ಲಿನವರು ಎದೆಯುಬ್ಬಿಸಿ ಹೇಳುತ್ತಾರೆ, ಮೊಸಳೆಯ ವಿಷಯ ಯಾರೂ ಎತ್ತಲಿಲ್ಲ.

ಪ್ರಕಾಶ್ ಬಿಟ್ಟ ಮೊದಲನೇ ಬಾಣ ನೆಟ್ಟಗೆ ಹೋಗಿ ಜಿಂಕೆಯ ಭುಜಕ್ಕೆ ನಾಟಿತು. ನನ್ನ ಎದೆ ಹಿಗ್ಗಿತು. ಎರಡನೆಯದು ಬಿಲ್ಲು ಬಿಟ್ಟ ಮೇಲೆ ಅತ್ತ ಹೋಗಲೋ ಇತ್ತ ಹೋಗಲೋ ಎಂದು ಬಾಲ ಅಲ್ಲಾಡಿಸುತ್ತಾ ಹೋಗಿ ಹುಲ್ಲಿನಲ್ಲಿ ಮಲಗಿತು. ಕರಡಿಗೂ ಹಾಗೇ, ಮೊಸಳೆಗೂ ಹಾಗೇ. ಕೆಲವು ಬಾಣ ನೇರ, ಕೆಲವು ಮನೆಯಲ್ಲಿ ಒಲೆ ಆರಿಸಲು ಮರೆತವರ ಹಾಗೆ. ಪ್ರಕಾಶ್ ಮುಳ್ಳುಪೊದೆಯಲ್ಲಿ ಒಂದು ಬಾಣ ಹುಡುಕಲು ಬಗ್ಗಿದ್ದಾಗ ಮೇಷ್ಟ್ರು ಮೊಸಳೆಯ ಪಕ್ಕ ಬಿದ್ದಿದ್ದ ಇನ್ನೊಂದನ್ನು ಎತ್ತಿಕೊಂಡರು. ಗರಿಗಳ ಮೇಲೆ ಬೆರಳಾಡಿಸಿದರು. ಮುಖ ಬಾಣದ ಹತ್ತಿರ ತಂದರು. ಅವರ ಭುಜ ಕುಲುಕತೊಡಗಿತು, ನಕ್ಕು ನಕ್ಕು ಕೆಮ್ಮು ಬಂತು.

ನನ್ನನ್ನು ಪಕ್ಕಕ್ಕೆ ಕರೆದು ತೋರಿಸಿದರು. ಎಡ ರೆಕ್ಕೆಯ ಗರಿ ಒಂದು ಕಡೆಗೆ ಬಾಗಿರುತ್ತದೆ, ಬಲ ರೆಕ್ಕೆಯದು ಇನ್ನೊಂದು ಕಡೆಗೆ. ಮೂರೂ ಒಂದೇ ರೆಕ್ಕೆಯವಾದರೆ ಬಾಣ ತಿರುಗುತ್ತಾ ನೆಟ್ಟಗೆ ಹೋಗುತ್ತದೆ. ಬೆರೆಸಿದರೆ ಒಂದು ಹೀಗೆ ಎಳೆಯುತ್ತದೆ, ಇನ್ನೊಂದು ಹಾಗೆ. ಯಾರು ಬೇಕಾದರೂ ಯಾವುದನ್ನು ಬೇಕಾದರೂ ಮಾಡಬಹುದು, ಇದೊಂದನ್ನು ಮಾತ್ರ ಮಾಡಬಾರದಂತೆ.

"ಇದನ್ನ ಜೋಡಿಸಿದ್ದು ಯಾರು?" ಎಂದರು. ಅವರ ಇಂಗ್ಲಿಷನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ.

ನಾನು ನನ್ನ ಕಡೆ ಬೆರಳು ಮಾಡಿಕೊಂಡೆ. ಗಡ್ಡದವನ ತೆರೆದ ಬಾಯಿ ಕಣ್ಣೆದುರು ಬಂತು. ಎಂಥ ಕೆಲಸ ಮಾಡಿಬಿಟ್ಟೆ, ಅವರ ಭಾನುವಾರವನ್ನೆಲ್ಲ ನಾನೇ ಕಿತ್ತು ಬಿಸಾಕಿದೆನಲ್ಲ. ಈಗಲೇ ಹೋಗಿ ಹೇಳುತ್ತೇನೆ ಎಂದು ಹೊರಟೆ. ಮೇಷ್ಟ್ರು ರೇನ್‌ಕೋಟಿನ ತೋಳು ಹಿಡಿದು ನಿಲ್ಲಿಸಿದರು. ಈಗ ಹೇಳಿದರೆ ನೇರ ಹೋಗುವ ಬಾಣಗಳೂ ಹೋಗುವುದಿಲ್ಲ, ಅವನ ಮುಖ ನೋಡಿ ಎಂದರು.

ನೋಡಿದೆ. ಪ್ರಕಾಶ್ ಪೊದೆಯೊಳಗಿಂದ ರಾಣಿ ಪಿಂಕ್ ಬಾಣವನ್ನು ಎತ್ತಿ ಹಿಡಿದುಕೊಂಡು, ತಲೆಯ ಮೇಲೆ ಎಲೆ ಮೆತ್ತಿಕೊಂಡು, ಹಬ್ಬಕ್ಕೆ ಹೊಸ ಬಟ್ಟೆ ಹಾಕಿದ ಮಗುವಿನ ಹಾಗೆ ನಗುತ್ತಾ ಬರುತ್ತಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಕೊನೆಯ ಹಂದಿ

ಕಾಡಿನ ಅಂಚಿಗೆ ಕೊನೆಯ ಗುರಿ, ಒಂದು ದಪ್ಪ ಕಾಡುಹಂದಿ. ಬೇರೆ ಗುಂಪುಗಳು ಮುಗಿಸಿ ಚಹಾ ಹಿಡಿದು ನೋಡುತ್ತಾ ನಿಂತಿದ್ದವು. ಬೇರೆಲ್ಲರೂ ಬಹಳ ಮುಂದಿದ್ದರು. ಉಳಿದವರು ಇವರಿಬ್ಬರೇ, ಮೇಷ್ಟ್ರು ಕೂದಲೆಳೆಯಷ್ಟು ಮುಂದೆ. ಎಲ್ಲರ ಅಂಕವನ್ನೂ ಅವರು ತಲೆಯಲ್ಲೇ ಇಟ್ಟುಕೊಂಡಿರುತ್ತಾರೆ, ಚೀಟಿ ನೋಡುವ ಅಭ್ಯಾಸವಿಲ್ಲ. ಪ್ರಕಾಶ್ ಈಗ ಹಂದಿಗೆ ಹೊಡೆದು, ಮೇಷ್ಟ್ರು ಪೂರ್ತಿ ತಪ್ಪಿದರೆ ಮಾತ್ರ ಕೋಳಿ ಮೇಷ್ಟ್ರಿಗೆ ಹೋಗುತ್ತದೆ ಎಂದು ಅವರೇ ನನಗೆ ಹೇಳಿದರು. ಹಂದಿ ನಮ್ಮ ಅಂಗಡಿಯಿಂದ ಎದುರಿನ ಕಾಂಡಿಮೆಂಟ್ಸ್‌ನಷ್ಟು ಹತ್ತಿರದಲ್ಲಿತ್ತು. ಅದನ್ನು ತಪ್ಪಿಸುವುದು ಅವರಿಗೂ ಕಷ್ಟವೇ.

ಸುಮಿ ಕೊಡುಬಳೆ ಅಗಿಯುವುದನ್ನು ನಿಲ್ಲಿಸಿದಳು.

ಪ್ರಕಾಶ್ ಬಿಲ್ಲು ಎಳೆದರು. ಯಾವ ಬಾಣ ಕೈಗೆ ಬಂದಿದೆಯೋ, ಎಡವೋ ಬಲವೋ ಕಲಬೆರಕೆಯೋ ಎಂದು ನಾನು ಸಿದ್ಧಗಂಗೆಗೆ ಹರಕೆ ಹೊತ್ತೆ. ಕಲಬೆರಕೆಯದೇ ಬಂದಿತ್ತು. ಬಾಣ ಬಾಲ ಕುಣಿಸುತ್ತಾ ಹೋಗಿ, ಎದೆಗೆ ಇಟ್ಟ ಗುರಿ ತಪ್ಪಿ, ಹಂದಿಯ ಕುಂಡೆಗೆ ನಾಟಿತು. ತಾಗಿದ್ದು ತಾಗಿದ್ದೇ, ಅಂಕ ಬಂತು. ಪ್ರಕಾಶ್ ಬಿಲ್ಲು ತಗ್ಗಿಸಿ ಕಣ್ಣು ಮುಚ್ಚಿಕೊಂಡರು.

ಈಗ ಮೇಷ್ಟ್ರ ಸರದಿ. ಅವರು ನಿಧಾನವಾಗಿ ಕನ್ನಡಕ ಒರೆಸಿದರು. ಬೂದು ಗರಿಯ ಬಾಣ ಹೂಡಿದರು, ಎಳೆದರು, ಬಿಟ್ಟರು. ಬಾಣ ಹಂದಿಯ ಬೆನ್ನಿನ ಮೇಲೆ, ಬಹಳ ಮೇಲೆ, ಹಾಯಾಗಿ ಹಾರಿ ಆಚೆಯ ಹಳ್ಳಕ್ಕೆ ಹೋಯಿತು.

ಗುಂಪೆಲ್ಲ ಹೋ ಎಂದಿತು. ಪ್ರಕಾಶ್ ಕುಣಿದರು. ಅಷ್ಟು ವಯಸ್ಸಿನ, ಅಷ್ಟು ಸಭ್ಯ ಮನುಷ್ಯ, ಕೆಸರಿನಲ್ಲಿ ಕುಪ್ಪಳಿಸಿ ಸಿಕ್ಕವರನ್ನೆಲ್ಲ ತಬ್ಬಿಕೊಂಡರು. ಯಾರೋ ನಮ್ಮ ಕಾರಿನಿಂದ ಕೋಳಿಯನ್ನು ತಂದು ಮೇಷ್ಟ್ರ ಕೈಗಿಟ್ಟರು. ಅವರು ಅದನ್ನು ಕಂಕುಳಲ್ಲಿ ಸಿಕ್ಕಿಸಿ, ಬಾಣ ಹುಡುಕಲು ಹಳ್ಳದ ಕಡೆ ಇಳಿದರು. ಅದು ಕೀರ್ ಎಂದು ಅರಚುತ್ತಲೇ ಇತ್ತು. ನಾನೂ ಹಿಂದೆಯೇ ಇಳಿದೆ. ಹೆಬ್ಬಾತಿನ ಬೂದು ಗರಿ ಆ ಕೊಳೆತ ಎಲೆಗಳ ನಡುವೆ ಎಲ್ಲಿ ಕಾಣಬೇಕು.

ಬೇಕೆಂದೇ ತಪ್ಪಿಸಿದಿರಿ ಎಂದೆ. ಗಾಳಿ ಎಂದರು. ಎಲೆ ಕೂಡ ಅಲ್ಲಾಡುತ್ತಿರಲಿಲ್ಲ. ನಾನು ಸೊಂಟಕ್ಕೆ ಕೈ ಕೊಟ್ಟು ನಿಂತೆ. ಆಗ ಅವರು ಕೋಳಿಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿ, ಕ್ಲಾಸಿನಲ್ಲಿ ದಡ್ಡ ಹುಡುಗಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು.

"ಇವತ್ತು ನಾನು ಸೋತ್ರೆ ಕೋಳಿ ಒಂದು ವರ್ಷ ನನ್ನ ಮನೇಲಿರತ್ತೆ. ಅವನು ಸೋತ್ರೆ ಅವನು ಬರೋದೇ ನಿಲ್ಸ್ತಾನೆ. ಆಮೇಲೆ ಸಾಯೋವರೆಗೂ ಕೊನೆಯವನು ನಾನೇ. ಲೆಕ್ಕ ಹಾಕಿ ನೋಡಿ."

ನಾನು ಲೆಕ್ಕ ಹಾಕಿದೆ. ಎಲ್ಲಿಯೂ ತಪ್ಪಿರಲಿಲ್ಲ. ಆದರೂ ನನ್ನ ಕಣ್ಣು ಯಾಕೆ ಮಂಜಾಯಿತೋ, ಮಳೆ ಎಂದೇ ಇಟ್ಟುಕೊಳ್ಳೋಣ.

ಹಿಂದಿರುಗಿ ನೋಡಿದರೆ ದಡದ ಮೇಲೆ ಸುಮಿ ನಿಂತಿದ್ದಳು. ಯಾವಾಗ ಬಂದಳೋ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಒಂದು ಮಾತು ಹೇಳಿದರೆ ಮುಗಿಯಿತು, ಇದು ಗೆಲುವಲ್ಲ, ಬಿಲ್ಲು ಆಚೆ ಹೋಗುತ್ತದೆ. ಅವಳು ಅದಕ್ಕಾಗಿಯೇ ನನ್ನನ್ನು ತುಮಕೂರಿನಿಂದ ಕರೆಸಿದ್ದಳು. ಸುಮಿ ಮೇಷ್ಟ್ರನ್ನು ನೋಡಿದಳು, ಕೋಳಿಯನ್ನು ನೋಡಿದಳು, ಆಮೇಲೆ ಬಗ್ಗಿ ಕೊಡುಬಳೆಯ ಡಬ್ಬವನ್ನೇ ಅವರ ಕೈಗೆ ಕೊಟ್ಟುಬಿಟ್ಟಳು. ಅವರು ಬೇಡ ಎಂದರು. ಅವಳು ಎರಡನೇ ಸಲ ಕೊಟ್ಟಳು. ಬೇಡ ಎಂದರು. ಮೂರನೇ ಸಲಕ್ಕೆ ತೆಗೆದುಕೊಂಡರು.

ಮನೆಗೆ ಹೋಗುವ ದಾರಿಯುದ್ದಕ್ಕೂ ಪ್ರಕಾಶ್ ಅವರ ಬಾಯಿಗೆ ಬಿಡುವಿರಲಿಲ್ಲ. ಗರಿ ಎಂದರೆ ಹೀಗಿರಬೇಕು ಎಂದರು. ದುಂಡು ಬೆನ್ನಿನದು ತೆಗೆದುಕೊಂಡಿದ್ದೇ ಸರಿಹೋಯಿತು, ಆ ಕೊನೆಯ ಬಾಣ ಗಾಳಿಯಲ್ಲಿ ತಾನೇ ತಿದ್ದಿಕೊಂಡು ಹೋಗಿದ್ದನ್ನು ನೋಡಿದಿರಾ ಎಂದರು. ನಾನು ತುಟಿ ಕಚ್ಚಿಕೊಂಡು ಕಿಟಕಿಯಾಚೆಯ ದನಗಳನ್ನು ನೋಡುತ್ತಿದ್ದೆ. ಏನು ಸುಮಿ, ನೀನು ಏನೂ ಹೇಳಲೇ ಇಲ್ಲವಲ್ಲ ಎಂದು ಅವರು ಹೆಂಡತಿಯನ್ನು ಕೇಳಿದರು.

ಸುಮಿ ಕೈ ಚಾಚಿ ಗಂಡನ ಕೂದಲಲ್ಲಿ ಸಿಕ್ಕಿದ್ದ ಎಲೆಯೊಂದನ್ನು ತೆಗೆದಳು.

"ಹೌದು ರೀ," ಎಂದಳು, "ಗರಿ ತುಂಬಾ ಚೆನ್ನಾಗಿತ್ತು."